ಒಡೆಯದೆ ನಿಂತ ಕೆರೆಗೆ ಯಾರನ್ನು ಸನ್ಮಾನಿಸಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಮುಳಬಾಗಿಲು ತಾಲ್ಲೂಕಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನಮ್ಮೂರ ಕೆರೆಯ ಏರಿಯ ಮೇಲೆ ಬೆಳೆದಿದ್ದ ಸೀಮೆ ಜಾಲಿಯನ್ನು ಬೇರುಸಹಿತ ಕಿತ್ತು, ಕೋಡಿಯ ಮುಂದೆ ತುಂಬಿದ್ದ ಮಣ್ಣನ್ನು ತೆಗೆದು, ಮುಚ್ಚಿಹೋಗಿದ್ದ ರಾಜಕಾಲುವೆಯನ್ನು ಬಿಡಿಸುವ ಕೆಲಸವನ್ನು ಊರಿನ ಯುವಕರೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ 2017ರಿಂದ ಮೂರು ಬೇಸಿಗೆ ಮಾಡಿದರು. 2021ರ ನವೆಂಬರ್ ಮಳೆಗೆ ಕೆರೆ ತುಂಬಿ ಕೋಡಿ ಹರಿಯಿತು. ಏರಿಗೆ ಏನೂ ಆಗಲಿಲ್ಲ, ಕೆಳಗಿನ ಕಾಲೊನಿಗೆ ನೀರು ನುಗ್ಗಲಿಲ್ಲ. ಅದೇ ಮಳೆಯಲ್ಲಿ ಬೇರೆ ಕಡೆ ಅಕ್ಕಿ, ಕಂಬಳಿ ಹಂಚಿದವರಿಗೆ ಸನ್ಮಾನಗಳು ನಡೆದವು. ನಮ್ಮವರನ್ನು ಯಾರೂ ಕೇಳಲಿಲ್ಲ. ತಡವಾದರೂ ಪ್ರಶಸ್ತಿಗೆ ಅರ್ಜಿ ಹಾಕೋಣವೆಂದರೆ ಯಾರ ಹೆಸರು ಬರೆಯಬೇಕು ಎಂಬುದರಲ್ಲೇ ಮನಸ್ತಾಪ ಹುಟ್ಟಿದೆ. ಏನು ಮಾಡಬೇಕು?

ಉತ್ತರ: ತಮ್ಮ ಪತ್ರದಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ಜಾಲಿಯನ್ನು ಬೇರುಸಹಿತ ಕಿತ್ತೆವು ಎಂದು ಬರೆದಿದ್ದೀರಿ. ಏರಿಯ ಮೇಲಿನ ಮರವನ್ನು ಬುಡಕ್ಕೆ ಕಡಿದು ಬಿಟ್ಟರೆ ಮಣ್ಣಿನೊಳಗೆ ಉಳಿದ ಬೇರು ಕೊಳೆತು ಕೊಳವೆಯಂತಾಗುತ್ತದೆ, ಕೆರೆ ತುಂಬಿದ ವರ್ಷ ನೀರು ಅದೇ ದಾರಿ ಹಿಡಿದು ಮಣ್ಣನ್ನು ಕೊರೆಯುತ್ತಾ ಹೊರಬರುತ್ತದೆ, ಕೊನೆಗೆ ಏರಿಯೇ ಬಾಯಿ ಬಿಡುತ್ತದೆ. ಹೆಗ್ಗಣದ ಬಿಲ, ಏಡಿಯ ಬಿಲ, ತೂಬಿನ ಪಕ್ಕದ ಸಡಿಲ ಮಣ್ಣು ಎಲ್ಲವೂ ಇದೇ ಅಪಾಯವನ್ನು ಒಡ್ಡುತ್ತವೆ. ಇನ್ನೊಂದು ಅಪಾಯ ಕೋಡಿಯದು. ಹೆಚ್ಚು ನೀರು ನಿಲ್ಲಲಿ ಎಂಬ ಆಸೆಯಿಂದ ಕೋಡಿಯ ಮೇಲೆ ಕಲ್ಲು, ಮರಳಿನ ಮೂಟೆ ಜೋಡಿಸುವ ಅಭ್ಯಾಸ ನಮ್ಮ ಕಡೆ ಅನೇಕ ಊರುಗಳಲ್ಲಿದೆ. ಹಾಗೆ ಮಾಡಿದ ಕೆರೆಗೆ ದೊಡ್ಡ ಮಳೆ ಬಂದರೆ ನೀರಿಗೆ ಏರಿಯನ್ನು ಹತ್ತಿ ಹರಿಯುವುದರ ಹೊರತು ಬೇರೆ ದಾರಿ ಉಳಿಯುವುದಿಲ್ಲ, ಮಣ್ಣಿನ ಏರಿಯ ಮೇಲೆ ನೀರು ಹತ್ತಿತೆಂದರೆ ಅದು ನಿಲ್ಲುವುದು ಕಷ್ಟ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕೆರೆಗಳು ಒಂದರ ಕೋಡಿಯ ನೀರು ಇನ್ನೊಂದಕ್ಕೆ ಸೇರುವಂತೆ ಸರಪಳಿಯಾಗಿ ಕಟ್ಟಿದವು. ಆದುದರಿಂದ ಮೇಲಿನ ಕೆರೆಯೊಂದು ಒಡೆದರೆ ಅದರ ಭಾರವೆಲ್ಲ ಒಂದೇ ರಾತ್ರಿ ಕೆಳಗಿನ ಕೆರೆಗಳ ಮೇಲೆ ಬೀಳುತ್ತದೆ. ತಮ್ಮೂರಿನವರು ಮೂರು ಬೇಸಿಗೆ ಮಾಡಿದ ಕೆಲಸ ತಮ್ಮ ಕಾಲೊನಿಯನ್ನು ಮಾತ್ರವಲ್ಲದೆ ಕೆಳಗಿನ ಊರುಗಳನ್ನೂ ಕಾಪಾಡಿದೆ. ಆ ಊರಿನವರಿಗೆ ಅದು ತಿಳಿದಿರಲಾರದು.

ಪರಿಹಾರ ಹಂಚಿದವರನ್ನು ಸನ್ಮಾನಿಸಿದ್ದು ತಪ್ಪಲ್ಲ, ನೊಂದವರಿಗೆ ಕಂಬಳಿ ಕೊಟ್ಟ ಕೈ ದೊಡ್ಡದೇ. ಆದರೆ ನಡೆದ ಅನಾಹುತಕ್ಕೆ ಸ್ಪಂದಿಸಿದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಅನಾಹುತವೇ ನಡೆಯದಂತೆ ನೋಡಿಕೊಂಡವರ ಕೆಲಸಕ್ಕೆ ಊರು ಎಂದಿನಂತೆ ಬೆಳಗಾದದ್ದು ಮಾತ್ರವೇ ಸಾಕ್ಷಿ. ಆ ಸಾಕ್ಷಿಯನ್ನು ಕಾಗದಕ್ಕೆ ಇಳಿಸುವುದು ತಮ್ಮ ಮೊದಲ ಕೆಲಸವಾಗಬೇಕೆಂದು ನನ್ನ ಅಭಿಪ್ರಾಯ, ಅರ್ಜಿ ಆಮೇಲಿನದು. ಶಿಕ್ಷಕರಾಗಿದ್ದ ತಮಗೆ ಇದು ಕಷ್ಟವಾಗಲಾರದು. ಯಾವ ಬೇಸಿಗೆಯಲ್ಲಿ ಎಷ್ಟು ದಿನ, ಎಷ್ಟು ಮಂದಿ ದುಡಿದರು, ರಾಜಕಾಲುವೆಯನ್ನು ಎಲ್ಲಿಂದ ಎಲ್ಲಿಯವರೆಗೆ ಬಿಡಿಸಲಾಯಿತು, ಉದ್ಯೋಗ ಖಾತ್ರಿಯ ಕೂಲಿ ಪಡೆದು ಮಾಡಿದ್ದು ಯಾವುದು, ಶ್ರಮದಾನವಾಗಿ ಮಾಡಿದ್ದು ಯಾವುದು, ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಯಿರಿ. ಕೂಲಿ ಪಡೆದ ಮಾತ್ರಕ್ಕೆ ಕೆಲಸದ ಬೆಲೆ ಕುಗ್ಗುವುದಿಲ್ಲ. ಎರಡನ್ನೂ ಬೆರೆಸಿ ಬರೆದರೆ ಮಾತ್ರ ಪರಿಶೀಲಿಸುವವರಿಗೆ ಅನುಮಾನ ಬರುತ್ತದೆ. ಕೆಲಸಕ್ಕೆ ಮೊದಲು ತೆಗೆದ ಫೋಟೊಗಳು ಯುವಕರ ಮೊಬೈಲುಗಳಲ್ಲಿ ಇದ್ದೇ ಇರುತ್ತವೆ. ಅದೇ ಜಾಗದಲ್ಲಿ ನಿಂತು ಇಂದಿನ ಫೋಟೊ ತೆಗೆಯಿಸಿ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಇರಿಸಿ ಲೆಕ್ಕ ಇಡುತ್ತದೆ. 2021ರ ನವೆಂಬರ್ ತಿಂಗಳ ಆ ಲೆಕ್ಕವನ್ನು ಪಡೆದು ತಮ್ಮ ಬರಹದ ಜೊತೆ ಸೇರಿಸಿದರೆ, ಎಷ್ಟು ದೊಡ್ಡ ಮಳೆಯನ್ನು ಆ ಏರಿ ತಡೆದು ನಿಂತಿತು ಎಂಬುದು ಯಾರೂ ವಾದಿಸಲಾಗದ ಮಾತಾಗುತ್ತದೆ. ಇದೆಲ್ಲವನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಸೇರಿಸಿ.

ಇನ್ನು ಹೆಸರಿನ ಮನಸ್ತಾಪ. ಈ ವಿಷಯದಲ್ಲಿ ನಮ್ಮ ಹಿರಿಯರು ನಡೆದುಕೊಂಡ ರೀತಿಯನ್ನು ತಮ್ಮ ಊರಿನವರ ಮುಂದೆ ಇಡಬೇಕೆಂದು ಕೋರುತ್ತೇನೆ. ಹಳೆಯ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ಣಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾದದ್ದು, 1905ರಲ್ಲಿ ಪ್ರಕಟವಾಯಿತು. ನಮ್ಮ ಸೀಮೆಯ ಹಳೆಯ ಶಾಸನಗಳಲ್ಲಿ ಕೆರೆಯನ್ನು ಕಟ್ಟಿದವರಿಗೆ, ಒಡೆದದ್ದನ್ನು ಸರಿಪಡಿಸಿದವರಿಗೆ ಕೆರೆಯ ಕೆಳಗಿನ ಗದ್ದೆಯನ್ನು ಕೊಡಗಿಯಾಗಿ, ಅಂದರೆ ಆ ಕೆಲಸಕ್ಕೆ ಸಂದ ಮಾನ್ಯದ ಭೂಮಿಯಾಗಿ, ಬಿಟ್ಟುಕೊಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ದುರಸ್ತಿಗೆಂದು ಬೆಳೆಯಲ್ಲಿ ಒಂದು ಪಾಲು ತೆಗೆದಿಡುವ ಬಿತ್ತುವಟ್ಟದ ಏರ್ಪಾಡೂ, ಹೂಳು ಹೊರುವ ಬಂಡಿಯ ಖರ್ಚಿಗೆ ಬಿಟ್ಟ ದತ್ತಿಯೂ ಇದ್ದವು. ಗೌರವವನ್ನು ಅವರು ಒಂದು ದಿನದ ಸಮಾರಂಭದಲ್ಲಿ ಮುಗಿಸದೆ ಕೆರೆಯ ಮುಂದಿನ ಪಾಲನೆಗೇ ಕಟ್ಟಿಹಾಕಿದ್ದರು. ಕೆರೆ ಚೆನ್ನಾಗಿದ್ದರೆ ಗದ್ದೆಗೆ ನೀರು, ಗದ್ದೆಗೆ ನೀರಿದ್ದರೆ ಕೊಡಗಿಗೆ ಬೆಲೆ. ಇಂದು ಭೂಮಿ ಕೊಡಲು ಆಗದಿದ್ದರೂ, ಬರುವ ಬಹುಮಾನದ ಹಣವನ್ನು ಕೆರೆಯ ಹೆಸರಿನ ಖಾತೆಯಲ್ಲಿ ಇಟ್ಟು ವರ್ಷ ವರ್ಷದ ದುರಸ್ತಿಗೆ ಬಳಸುತ್ತೇವೆಂದು ಮೊದಲೇ ನಿರ್ಣಯ ಮಾಡಿಕೊಂಡರೆ, ಅರ್ಜಿಯ ಮೇಲೆ ಯಾರ ಹೆಸರು ಇರಬೇಕು ಎಂಬ ಜಗಳದ ಮುಕ್ಕಾಲು ಪಾಲು ಅಲ್ಲಿಗೇ ಇಳಿಯುತ್ತದೆ. ನನ್ನ ಸಲಹೆ ಕೇಳುವುದಾದರೆ ಅರ್ಜಿ ಸಂಘದ ಹೆಸರಿನಲ್ಲಿರಲಿ, ದುಡಿದ ಎಲ್ಲರ ಹೆಸರುಗಳೂ ದಾಖಲೆಯಲ್ಲಿರಲಿ. ಆ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಇಂಥವರ ಪತ್ನಿ ಎಂದು ಬರದೆ ಅವರದೇ ಹೆಸರಾಗಿ ಬರಲಿ.

ಹೊರಗಿನ ಪ್ರಶಸ್ತಿಗಳಲ್ಲಿ ತಮ್ಮ ಕೆಲಸಕ್ಕೆ ನೇರವಾಗಿ ಹೊಂದುವುದು ಕೇಂದ್ರ ಸರ್ಕಾರದ ಸುಭಾಷ್ ಚಂದ್ರ ಬೋಸ್ ಆಪದಾ ಪ್ರಬಂಧನ್ ಪುರಸ್ಕಾರ. ನೇತಾಜಿಯವರ ಜನ್ಮದಿನವಾದ ಜನವರಿ 23ರಂದು ಇದನ್ನು ಪ್ರಕಟಿಸುತ್ತಾರೆ. ಸಂಸ್ಥೆಗೆ 51 ಲಕ್ಷ ರೂಪಾಯಿ, ವ್ಯಕ್ತಿಗೆ 5 ಲಕ್ಷ ರೂಪಾಯಿ ಮತ್ತು ಪ್ರಮಾಣಪತ್ರ. ಸಂಸ್ಥೆಗೆ ಬಂದ ಹಣವನ್ನು ವಿಪತ್ತು ನಿರ್ವಹಣೆಯ ಕೆಲಸಗಳಿಗೇ ಬಳಸಬೇಕೆಂಬ ನಿಯಮವಿದೆ. ಕೊಡಗಿಯ ಆಶಯ ಇಲ್ಲಿ ಬೇರೆ ರೂಪದಲ್ಲಿ ಉಳಿದಿದೆ ಎಂದು ನನಗೆ ತೋರುತ್ತದೆ. ವಿಪತ್ತಿನ ತಡೆ, ಪೂರ್ವಸಿದ್ಧತೆ, ರಕ್ಷಣೆ, ಪುನರ್ವಸತಿ, ಸಂಶೋಧನೆ, ಮುನ್ನೆಚ್ಚರಿಕೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಅರ್ಜಿಯನ್ನು ರಾಷ್ಟ್ರೀಯ ಪುರಸ್ಕಾರಗಳ ಜಾಲತಾಣದಲ್ಲಿ ಸಲ್ಲಿಸಬೇಕು. ಈವರೆಗೆ ಗೆದ್ದವರಲ್ಲಿ 2019ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಗಾಜಿಯಾಬಾದಿನ 8ನೇ ಬೆಟಾಲಿಯನ್, 2023ರಲ್ಲಿ ಒಡಿಶಾ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮತ್ತು ಮಿಜೋರಾಂನ ಲುಂಗ್ಲೇ ಅಗ್ನಿಶಾಮಕ ಠಾಣೆ ಸೇರಿವೆ. ಎದುರಿಗಿರುವವರು ದೊಡ್ಡವರು ಎಂಬುದನ್ನು ಮರೆಮಾಚುವುದಿಲ್ಲ. ಆದರೂ ಒಂದು ಅಗ್ನಿಶಾಮಕ ಠಾಣೆ ಆ ಸಾಲಿನಲ್ಲಿದೆ ಎಂಬುದನ್ನು ಗಮನಿಸಿ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಒಡಿಶಾದ ಇನ್ನೊಂದು ನಿದರ್ಶನ. 1999ರ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನರನ್ನು ಕಳೆದುಕೊಂಡ ಆ ರಾಜ್ಯದ ವೆಂಕಟ್ರಾಯಪುರ ಮತ್ತು ನೋಲಿಯಾಸಾಹಿ ಎಂಬ ಎರಡು ಕಡಲತೀರದ ಊರುಗಳನ್ನು ಯುನೆಸ್ಕೊದ ಅಂತರ ಸರ್ಕಾರಿ ಸಾಗರವಿಜ್ಞಾನ ಆಯೋಗವು 2020ರಲ್ಲಿ ಸುನಾಮಿಗೆ ಸಿದ್ಧವಾದ ಸಮುದಾಯಗಳೆಂದು ಗುರುತಿಸಿತು. ಅಲ್ಲಿ ಯಾವ ಒಬ್ಬ ವ್ಯಕ್ತಿಗೂ ಹಾರ ಬೀಳಲಿಲ್ಲ. ಮನ್ನಣೆ ಸಂದದ್ದು ಊರಿಗೆ. ಅಪಾಯದ ನಕ್ಷೆ ಇದೆಯೇ, ಓಡುವ ದಾರಿಯ ಫಲಕಗಳಿವೆಯೇ, ಅಣಕು ಅಭ್ಯಾಸ ನಡೆದಿದೆಯೇ ಎಂಬಂಥ ನಿಗದಿತ ಅಂಶಗಳನ್ನು ಒಂದೊಂದಾಗಿ ಪರಿಶೀಲಿಸಿ ಕೊಟ್ಟ ಮನ್ನಣೆ ಅದು, ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆಗೆ ಒಳಪಟ್ಟೇ ಉಳಿಸಿಕೊಳ್ಳಬೇಕಾದದ್ದು. ನಮ್ಮ ಜಿಲ್ಲೆಗಳಿಗೆ ಸಮುದ್ರವಿಲ್ಲ, ಕೆರೆಗಳಿವೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಜನರಲ್ಲಿ ತರಬೇತಿ ಮತ್ತು ಅರಿವು ಮೂಡಿಸುವ ಹೊಣೆಯೂ ಅದರದೇ. ಕೋಡಿ ತೆರವಾಗಿದೆ, ಏರಿ ಗಟ್ಟಿಯಾಗಿದೆ, ತೂಬು ಕೆಲಸ ಮಾಡುತ್ತಿದೆ, ಕೆರೆ ತುಂಬುವಾಗ ರಾತ್ರಿ ಕಾಯುವವರು ಇಂಥವರು ಎಂದು ಪರೀಕ್ಷಿಸಿ ಊರುಗಳನ್ನು ಗುರುತಿಸುವ ಪದ್ಧತಿಯನ್ನು ಆ ಪ್ರಾಧಿಕಾರ ಆರಂಭಿಸಬೇಕೆಂದು ತಮ್ಮ ಗ್ರಾಮಸಭೆ ನಿರ್ಣಯ ಕಳುಹಿಸಬಹುದು. ಒಂದು ಊರು ಬರೆದರೆ ಕಡತವಾಗುತ್ತದೆ, ಕೆರೆ ಸರಪಳಿಯ ಹತ್ತು ಊರುಗಳು ಸೇರಿ ಬರೆದರೆ ಅಧಿಕಾರಿಗಳು ಮಾತಿಗೆ ಕರೆಯುತ್ತಾರೆ.

ಮುಂದಿನ ಸಲ ಕೆರೆ ತುಂಬಿ ಬಾಗಿನ ಅರ್ಪಿಸುವಾಗ ಜನಪ್ರತಿನಿಧಿಗಳ ಜೊತೆಗೆ ಕೆರೆಯ ನೀರು ಬಿಡುವ ನೀರಗಂಟಿಯನ್ನೂ, ಮಣ್ಣು ಹೊತ್ತ ತಾಯಂದಿರನ್ನೂ ಮುಂದಿನ ಸಾಲಿಗೆ ಕರೆಯಿರಿ. ಅದಕ್ಕೆ ಯಾವ ಅರ್ಜಿಯೂ ಬೇಡ.

ಪ್ರಶ್ನೆ: ನಾವು ಪಾವಗಡ ತಾಲ್ಲೂಕಿನ ಮಹಿಳಾ ಸಂಘದವರು. ನಮ್ಮಲ್ಲಿ ಪ್ರವಾಹವಿಲ್ಲ, ಇರುವುದೆಲ್ಲ ಬರ. ಕಡಲೆಕಾಯಿ ಒಂದನ್ನೇ ನೆಚ್ಚುವುದನ್ನು ಬಿಟ್ಟು ರಾಗಿಯೊಳಗೆ ಅವರೆ, ತೊಗರಿಯಂಥ ಬೆಳೆಗಳ ಅಕ್ಕಡಿ ಸಾಲು ಹಾಕಿಸುವುದು, ಮೇವು ಕೂಡಿಡುವುದು, ಬಿತ್ತನೆ ರಾಗಿಯನ್ನು ಸಂಘದಲ್ಲಿ ಉಳಿಸುವುದು, ಇವನ್ನು ಮಾಡುತ್ತಿದ್ದೇವೆ. ಇದು ವಿಪತ್ತು ತಡೆಯುವ ಕೆಲಸವೆಂದು ಹೇಳಿದರೆ ಪಂಚಾಯಿತಿಯಲ್ಲಿ ಒಪ್ಪುವುದಿಲ್ಲ. ಯಾರು ಸರಿ?

ಉತ್ತರ: ತಾಯಂದಿರೇ, ನೀವು ಸರಿ. ವಿಪತ್ತು ಸ್ಪಂದನಾ ನಿಧಿಯಿಂದ ನೆರವು ನೀಡಲು ಕೇಂದ್ರ ಸರ್ಕಾರ ಗುರುತಿಸಿರುವ 12 ವಿಪತ್ತುಗಳಲ್ಲಿ ಬರವೂ ಒಂದು. ಚಂಡಮಾರುತ, ಭೂಕಂಪ, ಪ್ರವಾಹಗಳ ಸಾಲಿನಲ್ಲೇ ಅದರ ಹೆಸರಿದೆ, ಆಲಿಕಲ್ಲು ಮಳೆ ಮತ್ತು ಕೀಟಬಾಧೆಯೂ ಇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರವೇ ಘೋಷಿಸಿತ್ತು. ಪಂಚಾಯಿತಿಯಲ್ಲಿ ಈ ಎರಡು ಮಾತು ಹೇಳಿದರೆ ಸಾಕು.

ತೊಡಕು ಇರುವುದು ಬೇರೆ ಕಡೆ. ಪ್ರವಾಹಕ್ಕೆ ತಾರೀಖು ಇದೆ, ಬರಕ್ಕೆ ಇಲ್ಲ. ಅದು ಮನೆ ಮನೆಯೊಳಗೆ ಮೆಲ್ಲನೆ ಬರುತ್ತದೆ: ಮೊದಲು ಮೇವು ಕೊಳ್ಳುವ ಸಾಲ, ಆಮೇಲೆ ಸಂತೆಗೆ ಹೋಗುವ ಹಸು, ಆಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟ ಮಗ. ನಿಮ್ಮ ಲೆಕ್ಕದ ಪುಸ್ತಕವೂ ಹೀಗೆಯೇ ಇರಬೇಕು. 2023ರ ಬರದಲ್ಲಿ ಸಂಘದ ಮೇವಿನಿಂದ ಎಷ್ಟು ಮನೆಗಳ ದನ ಉಳಿದವು, ಮುಂದಿನ ಮುಂಗಾರಿಗೆ ಎಷ್ಟು ಮನೆಗಳಿಗೆ ಬಿತ್ತನೆ ಬೀಜ ಸಾಲವಿಲ್ಲದೆ ಸಿಕ್ಕಿತು, ಅಕ್ಕಡಿಯ ಅವರೆ, ತೊಗರಿ, ಅಲಸಂದೆ ಎಷ್ಟು ತಿಂಗಳು ಅಡುಗೆಮನೆಗೆ ಬಂತು ಎಂದು ಮನೆವಾರು ಬರೆದಿಡಿ. ನಮ್ಮ ಹಿಂದಿನವರು ನೆಲದೊಳಗಿನ ಕಣಜವಾದ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಉಳಿಸಿ ಇದೇ ಕೆಲಸ ಮಾಡುತ್ತಿದ್ದರು. ಹಗೇವುಗಳು ಮುಚ್ಚಿಹೋದ ಮೇಲೆ ಆ ಭಾರವನ್ನು ನಿಮ್ಮ ಸಂಘ ಹೊತ್ತಿದೆ ಎಂದೇ ನಾನು ತಿಳಿಯುತ್ತೇನೆ.

ಮನ್ನಣೆಯ ದಾರಿಗಳಲ್ಲಿ ರಾಜ್ಯ ಸರ್ಕಾರದ ಗಾಂಧಿ ಗ್ರಾಮ ಪುರಸ್ಕಾರ ನಿಮಗೆ ಹತ್ತಿರದ್ದು. ತಾಲ್ಲೂಕಿಗೊಂದು ಗ್ರಾಮ ಪಂಚಾಯಿತಿಗೆ 5 ಲಕ್ಷ ರೂಪಾಯಿ ಸಿಗುತ್ತದೆ. ಅದು ಪಂಚಾಯಿತಿಗೆ ಸಲ್ಲುವ ಪುರಸ್ಕಾರವಾದುದರಿಂದ ನಿಮ್ಮ ಲೆಕ್ಕ ಪಂಚಾಯಿತಿಗೂ ಬೇಕಾದದ್ದೇ, ಇದನ್ನು ಅಧ್ಯಕ್ಷರಿಗೆ ತಿಳಿಸಿ ಹೇಳಿ. ನೀರಿಂಗಿಸುವ ಕೆಲಸವೂ ಸೇರಿದ್ದರೆ ಕೇಂದ್ರದ ಜಲಸಂಪನ್ಮೂಲ ಸಚಿವಾಲಯ (ಈಗಿನ ಜಲಶಕ್ತಿ ಸಚಿವಾಲಯ) 2018ರಲ್ಲಿ ಆರಂಭಿಸಿದ ರಾಷ್ಟ್ರೀಯ ಜಲ ಪ್ರಶಸ್ತಿಗಳಲ್ಲಿ ಗ್ರಾಮ ಪಂಚಾಯಿತಿಗಳಿಗೂ ವಿಭಾಗವಿದೆ.

ಪ್ರಶ್ನೆ: ಗೌರಿಬಿದನೂರಿನ ಕಾಲೇಜೊಂದರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ನನ್ನದು. ಅಕ್ಟೋಬರ್ 13ರ ವಿಪತ್ತು ಅಪಾಯ ತಗ್ಗಿಸುವ ದಿನವನ್ನು ಭಾಷಣಗಳಲ್ಲಿ ಮುಗಿಸಲು ಮನಸ್ಸಿಲ್ಲ. ಏನು ಮಾಡಬಹುದು?

ಉತ್ತರ: ವಿಶ್ವಸಂಸ್ಥೆ 1989ರಲ್ಲಿ ಅಕ್ಟೋಬರ್ ತಿಂಗಳ ಎರಡನೆಯ ಬುಧವಾರವನ್ನು ಇದಕ್ಕೆ ಗೊತ್ತುಮಾಡಿತ್ತು, 2009ರಿಂದ ಅದು 13ಕ್ಕೆ ನಿಂತಿತು. ತಾರೀಖು ನಮ್ಮ ಸೀಮೆಗೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಆ ಹೊತ್ತಿಗೆ ಹಿಂಗಾರು ಹತ್ತಿರವಿರುತ್ತದೆ, ಕೆರೆಗಳು ಎಷ್ಟು ತುಂಬಿವೆ ಎಂಬುದು ಕಾಣುತ್ತಿರುತ್ತದೆ. ವಿದ್ಯಾರ್ಥಿಗಳನ್ನು ಒಂದು ಕೆರೆಯ ಏರಿಯ ಮೇಲೆ ನೀರಗಂಟಿಯ ಜೊತೆ, ಅವರಿಲ್ಲದ ಊರಿನಲ್ಲಿ ಕೆರೆ ಬಲ್ಲ ಹಿರಿಯರ ಜೊತೆ, ಉದ್ದಕ್ಕೂ ನಡೆಸಿ. ನೀರಿಗೆ ಮಾತ್ರ ಯಾರೂ ಇಳಿಯಬಾರದು. ಬಿಲಗಳಿರುವ ಜಾಗ, ಏರಿಯ ಹೊರಮೈಯಲ್ಲಿ ತೇವ ಕಾಣುವ ಜಾಗ, ಕೋಡಿಯ ಮುಂದಿನ ಅಡ್ಡಿ ಇವನ್ನು ಅವರೇ ನಕ್ಷೆಯಲ್ಲಿ ಗುರುತಿಸಲಿ. ಹೊರಮೈಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಅದರ ಮೇಲೆ ಕಣ್ಣಿಡಬೇಕು. ಕದಡಾಗಿದ್ದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದು ಅರ್ಥ, ಆ ಸುದ್ದಿಯನ್ನು ಪಂಚಾಯಿತಿಗೆ ಅಂದೇ ಮುಟ್ಟಿಸಬೇಕು. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ದೊಡ್ಡದಾದ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಗೂ ಒಂದು ಪ್ರತಿ ಕೊಡಿ. ಮರುವರ್ಷ ಅದೇ ನಕ್ಷೆಯನ್ನು ಕೈಯಲ್ಲಿ ಹಿಡಿದು ಅದೇ ಕೆರೆಗೆ ಹೊಸ ವಿದ್ಯಾರ್ಥಿಗಳನ್ನು ಕರೆದೊಯ್ಯಿರಿ.