0.21 ಸರಿಯೋ, 0.58 ಸರಿಯೋ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ಸಿ.ಆರ್.ಪಿ., ಅಂದರೆ ಆ ಶಾಲೆಗಳಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ. ನನ್ನ ವ್ಯಾಪ್ತಿಯ 11 ಹಿರಿಯ ಪ್ರಾಥಮಿಕ ಶಾಲೆಗಳ ಏಳನೇ ತರಗತಿಯ 264 ಮಕ್ಕಳ ಗಣಿತದ ಅಂಕಗಳನ್ನೂ ಅವರಿಗೆ ಗಣಿತ ಕಲಿಸುವವರ ಸೇವಾವಧಿಯನ್ನೂ ಎಕ್ಸೆಲ್‌ನಲ್ಲಿ ತುಂಬಿ ಸಹಸಂಬಂಧ (ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು ಹೇಳುವ ಅಂಕಿ; 0 ಎಂದರೆ ನಂಟಿಲ್ಲ, 1 ಎಂದರೆ ಪೂರ್ಣ ನಂಟು) ತೆಗೆದೆ. 0.21 ಬಂತು. ಮಕ್ಕಳ ಅಂಕದ ಬದಲು ಶಾಲೆಯ ಸರಾಸರಿ ಇಟ್ಟು ಮಾಡಿದರೆ 0.58. ಯಾವುದನ್ನು ನಂಬಲಿ? ಅನುಭವಿ ಶಿಕ್ಷಕರಿದ್ದರೆ ಫಲಿತಾಂಶ ಏರುತ್ತದೆ ಎಂದು ವರದಿಯಲ್ಲಿ ಬರೆಯಬಹುದೇ?

ಉತ್ತರ: ಮೇಡಂ, ಎರಡು ಅಂಕಿಗಳೂ ಸರಿ. ನೀವು ಕೇಳಿದ ಪ್ರಶ್ನೆಗಳೇ ಬೇರೆ ಬೇರೆ.

ಒಂದು ತರಗತಿಯನ್ನು ಕಣ್ಮುಂದೆ ತಂದುಕೊಳ್ಳಿ. ಇಪ್ಪತ್ತನಾಲ್ಕು ಮಕ್ಕಳು, ಅಂಕ 50ಕ್ಕೆ 6ರಿಂದ 47ರವರೆಗೆ. ಶಿಕ್ಷಕರು ಮಾತ್ರ ಒಬ್ಬರೇ, ಅವರ ಸೇವೆ ಅಷ್ಟೂ ಮಕ್ಕಳಿಗೆ ಒಂದೇ. ಹಾಗಾಗಿ 6 ಬಂದ ಮಗುವಿಗೂ 47 ಬಂದ ಮಗುವಿಗೂ ನಡುವಿನ ಅಂತರವನ್ನು ಸೇವಾವಧಿ ವಿವರಿಸಲಾರದು. ಸರಾಸರಿ ತೆಗೆದ ಕೂಡಲೇ ಆ ಅಂತರವೆಲ್ಲ ಅಳಿಸಿಹೋಗುತ್ತದೆ, ಅಂಕಿ ಉಬ್ಬುತ್ತದೆ. ಎಷ್ಟು ಅಳಿಸಿಹೋಯಿತು ಎಂಬುದೂ ನಿಮ್ಮ ಕೈಯಲ್ಲೇ ಇದೆ. 0.21ನ್ನು 0.58ರಿಂದ ಭಾಗಿಸಿ ವರ್ಗ ಮಾಡಿ, 0.13 ಬರುತ್ತದೆ. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಸಮನಾಗಿದ್ದರೆ ಇದರ ಅರ್ಥ, ಅಂಕಗಳ ಒಟ್ಟು ಏರುಪೇರಿನಲ್ಲಿ ಶಾಲೆ ಶಾಲೆಗಳ ನಡುವಿನದು ಸುಮಾರು 13 ಶೇಕಡಾ ಮಾತ್ರ. ಉಳಿದ 87 ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕರ ಎದುರು ಕೂತ ಮಕ್ಕಳ ನಡುವಿನದು. ನಿಮ್ಮ ಇಡೀ ಲೆಕ್ಕದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಇದೇ, 0.58 ಅಲ್ಲ.

ಇನ್ನೊಂದು ಮಾತು. ಹಾಳೆಯಲ್ಲಿ 264 ಸಾಲುಗಳಿದ್ದರೂ ಶಿಕ್ಷಕರು 11 ಜನರೇ. 11 ಜೋಡಿಗಳಿದ್ದಾಗ ಇದು ಬರಿಯ ಆಕಸ್ಮಿಕವಲ್ಲ ಎನ್ನಲು, 5 ಶೇಕಡಾ ಮಟ್ಟದಲ್ಲಿ (ನಂಟೇ ಇಲ್ಲದಿದ್ದರೂ ಇಷ್ಟು ದೊಡ್ಡ ಅಂಕಿ ನೂರರಲ್ಲಿ ಐದು ಸಲ ಮಾತ್ರ ಬರುವ ಮಟ್ಟ), ಸಂಖ್ಯಾಶಾಸ್ತ್ರದ ಕೋಷ್ಟಕ ಕೇಳುವುದು ಕನಿಷ್ಠ 0.602. ನಿಮ್ಮದು ಅದಕ್ಕೆ ಸ್ವಲ್ಪ ಕೆಳಗೇ ನಿಂತಿದೆ.

ಈಗ ವರದಿಯ ವಾಕ್ಯಕ್ಕೆ ಬರೋಣ. ಹಾಗೆ ಬರೆಯಬೇಡಿ. ಆ ಶಿಕ್ಷಕರು ಆ ಶಾಲೆಗೆ ಹೇಗೆ ಬಂದರು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹೊಸದಾಗಿ ನೇಮಕವಾದವರು ಹೆಚ್ಚಾಗಿ ಸಿ ವಲಯಕ್ಕೆ, ಅಂದರೆ ಪಟ್ಟಣದಿಂದ ದೂರದ ಹಳ್ಳಿಗಳಿಗೆ, ಹೋಗುತ್ತಾರೆ. ಸೇವೆ ಬೆಳೆದಂತೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಪಟ್ಟಣದ ಹತ್ತಿರದ ಎ ವಲಯಕ್ಕೆ ಬರಲು ನೋಡುತ್ತಾರೆ. ಅಲ್ಲಿನ ಮಕ್ಕಳಿಗೆ ಟ್ಯೂಷನ್ ಇರುತ್ತದೆ, ಓದಿದ ತಂದೆತಾಯಿ ಇರುತ್ತಾರೆ, ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪುವುದಿಲ್ಲ. ಸೇವಾವಧಿಯ ಜೊತೆ ಇದೆಲ್ಲವೂ ನಿಮ್ಮ 0.58ರೊಳಗೆ ಸೇರಿಕೊಂಡಿದೆ. ನನ್ನ ಅಕ್ಕ 31 ವರ್ಷ ಮೇಷ್ಟ್ರಾಗಿದ್ದಳು. ಮೊದಲ ಎಂಟು ವರ್ಷ ದಿನಕ್ಕೊಂದೇ ಬಸ್ಸು ಬರುವ ಹಳ್ಳಿಯಲ್ಲಿ. ತಾನು ಅತಿ ಹೆಚ್ಚು ದುಡಿದದ್ದೂ ತರಗತಿಯ ಸರಾಸರಿ ಅತಿ ಕಡಿಮೆ ಬಂದದ್ದೂ ಆ ವರ್ಷಗಳಲ್ಲೇ ಎಂದು ಈಗಲೂ ಹೇಳುತ್ತಾಳೆ.

ಇದೇ ತಿರುವನ್ನು ಡಬ್ಲ್ಯು. ಎಸ್. ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ 1950ರಲ್ಲಿ ತೋರಿಸಿಕೊಟ್ಟರು. ಅಮೆರಿಕದ 1930ರ ಜನಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರಿಗೂ ಅನಕ್ಷರತೆಗೂ ಇರುವ ನಂಟನ್ನು ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ 0.12, ರಾಜ್ಯಗಳ ಮಟ್ಟದಲ್ಲಿ ನೋಡಿದರೆ −0.53. ಚಿಹ್ನೆಯೇ ಅದಲುಬದಲಾಯಿತು, ಅಂದರೆ ಹೊರದೇಶದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ! ಕಾರಣ, ವಲಸೆ ಬಂದವರು ಹೆಚ್ಚಾಗಿ ನೆಲೆಸಿದ್ದು ಮೊದಲೇ ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಲ್ಲಿ. ನಮ್ಮ ಹಿರಿಯ ಶಿಕ್ಷಕರು ಎ ವಲಯದಲ್ಲಿ ನೆಲೆಸಿದಂತೆಯೇ.

ಹಾಗಾಗಿ ಎಕ್ಸೆಲ್ ಬದಿಗಿಟ್ಟು ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಸೇವಾವಧಿ, ಉದ್ದಕ್ಕೆ ಸರಾಸರಿ, ಹನ್ನೊಂದು ಚುಕ್ಕೆ. ಎ ವಲಯಕ್ಕೆ ಕೆಂಪು ಪೆನ್ನು, ಸಿ ವಲಯಕ್ಕೆ ನೀಲಿ. ಕೆಂಪು ಚುಕ್ಕೆಗಳ ಒಳಗೇ, ನೀಲಿ ಚುಕ್ಕೆಗಳ ಒಳಗೇ ಏರಿಕೆ ಇದೆಯೇ ನೋಡಿ. ಕೈಯಲ್ಲೇ ಲೆಕ್ಕ ಹಾಕಲು ಬರುವಂತೆ ನಾನೊಂದು ಉದಾಹರಣೆ ಕಟ್ಟಿದ್ದೇನೆ. ಸಿ ವಲಯದ ಮೂರು ಶಾಲೆಗಳಲ್ಲಿ ಸೇವೆ 4, 6, 8 ವರ್ಷ, ಸರಾಸರಿ ಶೇಕಡಾ 54, 52, 50. ಎ ವಲಯದ ಮೂರರಲ್ಲಿ 18, 20, 22 ವರ್ಷ, ಸರಾಸರಿ 72, 70, 68. ಆರನ್ನೂ ಕೂಡಿಸಿ ತೆಗೆದರೆ ಸಹಸಂಬಂಧ 0.92. ಆದರೆ ಎರಡೂ ವಲಯಗಳ ಒಳಗೆ ಸೇವೆ ಹೆಚ್ಚಿದಂತೆ ಅಂಕ ಇಳಿಯುತ್ತಿದೆ.

ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ವರ್ಷಾರಂಭದ ಪಾಠಗಳ) ಪರೀಕ್ಷೆ ಮಾಡಿರುತ್ತೀರಲ್ಲ, ಆ ಅಂಕ ಸಿಕ್ಕರೆ ವರ್ಷದ ಕೊನೆಯ ಅಂಕದ ಪಕ್ಕದಲ್ಲಿಡಿ. ಮಗು ಎಲ್ಲಿಂದ ಹೊರಟಿತು ಎಂಬುದು ತಿಳಿದರೆ ಶಿಕ್ಷಕರಿಗೆ ಅರ್ಧ ನ್ಯಾಯ ಸಿಕ್ಕಂತೆ.

ವರದಿಯಲ್ಲಿ ಹೀಗೆ ಬರೆಯಿರಿ: ‘11 ಶಾಲೆಗಳಲ್ಲಿ ಸೇವಾವಧಿ ಹೆಚ್ಚಿದ್ದಲ್ಲಿ ಸರಾಸರಿ ಅಂಕವೂ ಹೆಚ್ಚಿರುವಂತೆ ಕಾಣುತ್ತದೆ. ವಲಯದ ಪ್ರಭಾವವನ್ನು ಬೇರ್ಪಡಿಸಿಲ್ಲ. ಅಂಕಗಳ ಹೆಚ್ಚಿನ ವ್ಯತ್ಯಾಸ ತರಗತಿಯ ಒಳಗೇ ಇದೆ.’ ಶಿಕ್ಷಕರ ಹೆಸರು ಬೇಡ, ಶಾಲೆ 1, ಶಾಲೆ 2 ಎಂದರೆ ಸಾಕು. ಮುಂದಿನ ಭೇಟಿಯಲ್ಲಿ ಯಾವುದಾದರೂ ಒಂದು ತರಗತಿಗೆ ಹೋಗಿ, ಆ 6 ಅಂಕದ ಮಗುವಿನ ಉತ್ತರ ಪತ್ರಿಕೆಯನ್ನು ಕೈಗೆತ್ತಿಕೊಂಡು ಶಿಕ್ಷಕರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ.