ಟೀ ಮನೆ ಮಾದರಿ: ಗಾಜಿನದ್ದೋ, ಮರದ ಕಾಲಿನದ್ದೋ?

ಮೇಡಂ, ನೀವು ಕೈಯಾರೆ ಮಾಡುವ ಮೊದಲ ಪುಟಾಣಿ ಮಾದರಿಗೆ ಜಪಾನಿನ ಗಾಜಿನ ಟೀ ಮನೆ (ಶಾಸ್ತ್ರೋಕ್ತವಾಗಿ ಟೀ ಕುಡಿಯಲೆಂದೇ ಕಟ್ಟುವ ಪುಟ್ಟ ಮನೆ) ಮಾಡಲೋ, ಮರದ ಮೇಲಿನದ್ದು ಮಾಡಲೋ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿ ಮರದ್ದನ್ನೇ ಹಿಡಿಯಿರಿ.

ಗಾಜಿನದ್ದು ವಿನ್ಯಾಸಕಾರ ತೊಕುಜಿನ್ ಯೊಶಿಯೊಕಾ ಅವರ ‘ಕೋ-ಆನ್’. 2015ರಲ್ಲಿ ಕ್ಯೋಟೋದ ಬೆಟ್ಟದ ಮೇಲೆ ಇಟ್ಟರು. ಒಳಗೆ ಚಾಪೆಯಿಲ್ಲ, ಹೂವಿಲ್ಲ, ಚಿತ್ರಪಟವಿಲ್ಲ. ಬರೀ ಬೆಳಕು. ಅದನ್ನು ಅಕ್ರಿಲಿಕ್‌ನಲ್ಲಿ ಮಾಡಿದರೆ ನಮ್ಮ ತಪ್ಪೆಲ್ಲ ಬಯಲಾಗುತ್ತದೆ. ನಾನು ಸೂಪರ್ ಗ್ಲೂ ಹಾಕಿ ಅಂಟಿಸಿದ್ದೆ, ಬೆಳಗಾಗುವಷ್ಟರಲ್ಲಿ ಅಂಚೆಲ್ಲ ಮಂಜು ಹಿಡಿದ ಹಾಗೆ ಬೆಳ್ಳಗಾಗಿತ್ತು!

ಮರದ್ದು ತೆರುನೊಬು ಫುಜಿಮೊರಿ ಅವರ ‘ತಕಾಸುಗಿ-ಆನ್’. ಹೆಸರಿನ ಅರ್ಥವೇ ‘ತೀರಾ ಎತ್ತರದ ಟೀ ಮನೆ’. ಕಟ್ಟಡಗಳ ಇತಿಹಾಸ ಬರೆಯುತ್ತಿದ್ದವರು ನಲವತ್ತು ದಾಟಿದ ಮೇಲೆ ತಾವೇ ಕಟ್ಟಲು ಶುರು ಮಾಡಿದರು. ಇದನ್ನು 2004ರಲ್ಲಿ ತಮ್ಮ ಊರು ಚಿನೋದಲ್ಲಿ ತಮಗೋಸ್ಕರವೇ ಕಟ್ಟಿಕೊಂಡರು. ಸೊಟ್ಟ ಗೋಡೆ, ಒರಟು ಗಾರೆ. ನಿಮ್ಮ ಕೈ ಸ್ವಲ್ಪ ಅಲುಗಿದರೂ ಅದು ಚೆಂದವೇ ಅನಿಸುತ್ತದೆ.

ಒಂದು ವಿಷಯ: ಮನೆಯನ್ನು ಹೊತ್ತಿರುವುದು ಜೀವಂತ ಮರವಲ್ಲ. ಬೆಟ್ಟದಿಂದ ಕಡಿದು ತಂದು ನೆಟ್ಟ ಎರಡು ಚೆಸ್ಟ್‌ನಟ್ ಕಾಂಡಗಳು. ಹಾಗಾಗಿ ಎಲೆ ಅಂಟಿಸಲು ಹೋಗಬೇಡಿ. ಸೀಬೆ ಗಿಡದ ಕವಲು ಕಡ್ಡಿ ಎರಡು ಸಾಕು. ನೆರಳಲ್ಲಿ ಚೆನ್ನಾಗಿ ಒಣಗಿಸಿ. ಹಸಿಯಿದ್ದರೆ ಆಮೇಲೆ ಕುಗ್ಗಿ ಮನೆ ವಾಲುತ್ತದೆ. ದಪ್ಪ ಪ್ಲೈವುಡ್‌ಗೆ ತೂತು ಕೊರೆದು ಆಳವಾಗಿ ಕೂರಿಸಿ. ಮನೆಗೆ ರಟ್ಟು, ಮೇಲೆ ತೆಳ್ಳಗೆ ವಾಲ್ ಪುಟ್ಟಿ. ಉಜ್ಜಿ ನುಣುಪು ಮಾಡಬೇಡಿ.

ಅಳತೆಗೆ 1:20 ಇಟ್ಟುಕೊಳ್ಳಿ. ಜಪಾನಿನ ಮನೆಗಳಲ್ಲಿ ನೆಲಕ್ಕೆ ಹಾಸುವ ಒಂದು ತತಾಮಿ ಚಾಪೆ ಸುಮಾರು 180 × 90 ಸೆಂ.ಮೀ., ಅಂದರೆ ಮಾದರಿಯಲ್ಲಿ 9 × 4.5. ಹದಿನಾರನೇ ಶತಮಾನದಲ್ಲಿ ಟೀ ಗುರು ಸೆನ್ ನೊ ರಿಕ್ಯು ಕಟ್ಟಿದ್ದು ಎನ್ನುವ ‘ತೈ-ಆನ್’ ಟೀ ಮನೆಯಲ್ಲಿ ಟೀ ಕೋಣೆ ಎರಡೇ ಚಾಪೆಯಷ್ಟು. ಬಾಗಿಲು ಅಂತೂ ಬಗ್ಗಿ ನುಸುಳುವಷ್ಟು ಚಿಕ್ಕದು. ಕತ್ತಿ ಕಟ್ಟಿದ ಸಮುರಾಯ್ ಕೂಡ ಅದನ್ನು ಹೊರಗಿಟ್ಟು ತಲೆ ತಗ್ಗಿಸಿಯೇ ಬರಬೇಕಿತ್ತು. ಫುಜಿಮೊರಿ ಅದೇ ಕಷ್ಟವನ್ನು ತಮ್ಮ ಮನೆಗೆ ಹತ್ತುವ ಏಣಿಗೆ ಕೊಟ್ಟಿದ್ದಾರೆ ಅಂತ ನನಗನಿಸುತ್ತದೆ. ಅರ್ಧ ಹತ್ತಿದ ಮೇಲೆ ಒಂದು ಪುಟ್ಟ ಅಟ್ಟಣಿಗೆ, ಅಲ್ಲಿ ಚಪ್ಪಲಿ ಬಿಡಬೇಕು. ಅದನ್ನು ಮರೀಬೇಡಿ. ಒಂದು ಜೊತೆ ಪುಟಾಣಿ ಚಪ್ಪಲಿ ಇಟ್ಟರೆ ನೋಡುವವರಿಗೆ ಮನೆ ಎಷ್ಟು ಚಿಕ್ಕದು ಅಂತ ತಕ್ಷಣ ಗೊತ್ತಾಗುತ್ತದೆ.

ಏಣಿಯನ್ನು ಮಾತ್ರ ಅಂಟಿಸಬೇಡಿ, ಸುಮ್ನೆ ಒರಗಿಸಿಡಿ. ಅಲ್ಲೂ ಅದು ಒರಗಿಸಿದ್ದೇ.