ಜಗಳವಿಲ್ಲದ ಮದುವೆಯೂ ಮುರಿಯುವುದೇಕೆ?

ಬದಿಯಡ್ಕದ ಸಮೀಪದ ಓದುಗರೊಬ್ಬರು ಮಗಳ ಬಗ್ಗೆ ಬರೆದಿದ್ದಾರೆ. ಮದುವೆಯಾಗಿ 14 ವರ್ಷ. ಗಂಡ ಹೆಂಡತಿ ಒಮ್ಮೆಯಾದರೂ ಸ್ವರ ಏರಿಸಿದ್ದನ್ನು ಯಾರೂ ಕೇಳಿಲ್ಲ. ಈಗ ಇಬ್ಬರೂ ಬೇರೆಯಾಗಲು ಒಪ್ಪಿದ್ದಾರೆ. “ಜಗಳವೇ ಇಲ್ಲದ ಮೇಲೆ ಮುರಿಯುವುದು ಯಾಕೆ? ಅರ್ಜಿಗೆ ಸಹಿ ಹಾಕದಂತೆ ತಡೆಯಲೇ?” ಎಂಬುದು ಅವರ ಪ್ರಶ್ನೆ.

ಉತ್ತರ: ಅಮ್ಮಾ, ಜಗಳವಿರಲಿಲ್ಲ ಎಂಬುದನ್ನು ನೀವು ನೆಮ್ಮದಿಯ ಲಕ್ಷಣವೆಂದು ಬರೆದಿದ್ದೀರಿ, ನನಗೆ ಹಾಗೆ ಕಾಣುವುದಿಲ್ಲ. ನಿಮ್ಮ ಪತ್ರದ ನಡುವೆ ತಮಾಷೆಯೆಂಬಂತೆ ಬಂದುಹೋಗುವ ಒಂದು ಪ್ರಸಂಗವಿದೆ. ಮೋಡ ಕವಿಯುತ್ತಿದೆ, ಅಂಗಳದ ಅಡಿಕೆಯನ್ನು ಒಳಗೆ ತರಿಸಬೇಕು ಎಂದು ಮಗಳು ಹೇಳಿದಾಗ ಅಳಿಯ ಕೆಲಸದವರ ಎದುರಿನಲ್ಲೇ “ಅವಳಿಗೇನು ಗೊತ್ತುಂಟು” ಎಂದು ನಕ್ಕರು, ಉಳಿದವರೂ ನಕ್ಕರು, ಮಗಳು ಮರುಮಾತಿಲ್ಲದೆ ಒಳಗೆ ನಡೆದಳು. ಆ ಸಂಜೆ ಮಳೆ ಬಂತೇ ಎಂದು ನೀವು ಬರೆದಿಲ್ಲ. ಬಂದಿದ್ದರೂ ನಾನು ಹೇಳಹೊರಟದ್ದು ಬದಲಾಗುವುದಿಲ್ಲ.

ದಂಪತಿಗಳ ಮಾತುಕತೆಯನ್ನು ಚಿತ್ರೀಕರಿಸಿಕೊಂಡು, ಅವರ ಸಂಸಾರ ಮುಂದೇನಾಯಿತೆಂದು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಮುರಿದುಬೀಳುವ ಸಂಬಂಧಗಳಲ್ಲಿ ಚುಚ್ಚುಮಾತು, ತಿರಸ್ಕಾರ, ತನ್ನದೇನೂ ತಪ್ಪಿಲ್ಲವೆಂಬ ವಾದ, ಬಾಯಿಮುಚ್ಚಿ ದೂರ ಸರಿಯುವುದು ಎಂಬ ನಾಲ್ಕನ್ನು ಗುರುತಿಸಿದರು. ಅವುಗಳಲ್ಲಿ ಅತ್ಯಂತ ಅಪಾಯದ್ದು ತಿರಸ್ಕಾರವೆಂದರು. ಸುಖವಾಗಿರುವ ದಂಪತಿಗಳಲ್ಲಿಯೂ ಎಂದೆಂದಿಗೂ ಬಗೆಹರಿಯದ ಭಿನ್ನಾಭಿಪ್ರಾಯಗಳು ಬೇಕಾದಷ್ಟಿರುತ್ತವೆ ಎಂಬುದೂ ಅವರು ಕಂಡ ಸಂಗತಿಯೇ. ದೂರು ಹೇಳುವವರು ಎದುರಿನವರು ಕೇಳಿಯಾರೆಂದು ಇನ್ನೂ ನಂಬಿರುತ್ತಾರೆ. ನಿಮ್ಮ ಮಗಳಲ್ಲಿ ಆ ನಂಬಿಕೆ ಎಂದೋ ಹೋಗಿರಬೇಕು. ಹಾಗೆಂದು ತಪ್ಪೆಲ್ಲ ಅಳಿಯನದೇ ಎನ್ನಲಾರೆ: ನೋವಾಯಿತೆಂದು ಒಮ್ಮೆಯೂ ಕೇಳಿಸಿಕೊಳ್ಳದ ಗಂಡ, ಹೆಂಡತಿಗೆ ನೋವೇ ಇಲ್ಲವೆಂದು ತಿಳಿದಿದ್ದರೂ ಆಶ್ಚರ್ಯವಿಲ್ಲ. ಹೊಂದಿಕೊಂಡು ಹೋಗಬೇಕೆಂದು ಅವಳಿಗೆ ಕಲಿಸಿದವರು ನಾವೇ ಅಲ್ಲವೇ?

ಸಹಿಯನ್ನು ನೀವು ತಡೆಯಬೇಕಾಗಿಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ ವಿಧಿಯಂತೆ ಜಂಟಿ ಅರ್ಜಿ ಸಲ್ಲಿಸಲು ಕನಿಷ್ಠ ಒಂದು ವರ್ಷ ಬೇರೆಬೇರೆಯಾಗಿ ಬಾಳಿರಬೇಕು. ಸಲ್ಲಿಸಿದ ಮೇಲೆ ಮತ್ತೆ ಆರು ತಿಂಗಳ ಕಾಯುವಿಕೆ ಇದೆ. ಕೂಡಿ ಬಾಳುವ ಸಾಧ್ಯತೆಯೇ ಇಲ್ಲದಿದ್ದರೆ ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ತೀರ್ಪು ಬರುವ ಮೊದಲು ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಲೂ ಅವಕಾಶವಿದೆ.

ಅಷ್ಟರೊಳಗೆ ಮಗಳ ಬಳಿ ಕುಳಿತು, ಅಂದು ಒಳಗೆ ಹೋದವಳು ಏನು ಹೇಳಬೇಕೆಂದಿದ್ದಳು ಎಂದು ಕೇಳಿ. ಈ ಸಲ ಅಡಿಕೆಯ ವಿಷಯವನ್ನು ತಮಾಷೆಯಾಗಿ ಎತ್ತಬೇಡಿ.